ಖರೇನ ತೋಳಕ್ಕೆ ಹುಟ್ಟಿದ ಮರಿ

ಚಿಂತಾಕಿಯ ಕುರಿಗಾರ ಧೊಂಡಿಬಾನ ಮನೆಯ ಆ ನಾಯಿಮರಿಯ ಮೈಬಣ್ಣ ಔರಾದಿನವರು ಕತೆ ಹೇಳುವಾಗ ಬೂದಿ, ಭಾಲ್ಕಿಯವರು ಹೇಳುವಾಗ ಕಂದು. ಅದು ಬೊಗಳುತ್ತಿರಲಿಲ್ಲ ಎಂಬಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಧೊಂಡಿಬಾನ ಬಳಗದಲ್ಲಿ ಒಂದು ಪದ್ಧತಿ. ಮಗಳು ಚೊಚ್ಚಲ ಕೂಸಿನೊಂದಿಗೆ ತವರಿನಿಂದ ಹೊರಟಾಗ ನಾಯಿಮರಿಯೊಂದನ್ನು ಕೊಟ್ಟು ಕಳಿಸಬೇಕು. ಬೀಗರು ಮರಿಯ ತಾಯಿಯ ಹೆಸರು ಕೇಳಿ, ಅದರ ಹಣೆಗೆ ಭಂಡಾರದ ಅರಿಶಿನ ಹಚ್ಚುತ್ತಾರೆ. ಕೊಡುವವರು ಪ್ರತಿಸಲವೂ ತಮ್ಮ ಮರಿ ತೋಳಕ್ಕೆ ಹುಟ್ಟಿದ್ದೆಂದು ಜಂಬ ಕೊಚ್ಚುತ್ತಾರೆ. ಪಡೆಯುವವರು ನಂಬಿದಂತೆ ನಗುತ್ತಾರೆ.

ಧೊಂಡಿಬಾನ ಸಂಕಟವೆಂದರೆ, ಅವನ ಮರಿ ನಿಜವಾಗಿಯೂ ತೋಳದ್ದಾಗಿತ್ತು. ತನ್ನ ನಾಯಿ ಕಾಳಿಯನ್ನು ತೊಗರಿ ಹೊಲದಲ್ಲಿ ತೋಳದ ಜೊತೆ ಅವನೇ ಕಂಡಿದ್ದ. ಹುಟ್ಟಿದ್ದು ಒಂದೇ ಮರಿ. ಈಗಾಗಲೇ ಅದು ಗೋಡೆ ಹಾರಿ ಕೋಳಿ ಹಿಡಿದಿತ್ತು. ಅವನು ಅದನ್ನು ಕುರಿದೊಡ್ಡಿಯತ್ತ ಸುಳಿಯಗೊಟ್ಟಿರಲಿಲ್ಲ. ಮಗಳು ಕಾಜಲಳ ಕೂಸು ಆಗಷ್ಟೇ ಅಂಬೆಗಾಲಿಡುತ್ತಿತ್ತು. ಅಂಥದ್ದರಲ್ಲಿ ಬೀಗತಿ ಸುಂದರಬಾಯಿ ಸೊಸೆಯನ್ನೂ ಮರಿಯನ್ನೂ ಕರೆದೊಯ್ಯಲು ಭಾತಂಬ್ರಾದಿಂದ ಬಂದಿಳಿದಳು.

“ಬೀಗತ್ಯಾರ, ಈ ಮರಿ ಬ್ಯಾಡ್ರಿ. ಇದು ಖರೇನ ತೋಳಕ್ಕ ಹುಟ್ಟೇದ್ರಿ.”

ಸುಂದರಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. “ನಮ್ಮ ಮಾವನೂ ಹಿಂಗೇ ಅಂತಿದ್ದರ್ರಿ. ಅವರ ತೋಳದ ಮರಿ ಬೆಕ್ಕಿಗಿ ಅಂಜಿ ಬಣವಿ ಏರ್ತಿತ್ತು!”

“ದೇವರಾಣಿರಿ, ಕಣ್ಣಾರೆ ನೋಡೀನಿ.”

“ಎಲ್ಲರೂ ಕಣ್ಣಾರೆನೇ ನೋಡಿರ್ತಾರ. ಕೊಡ್ಲಾಕ ಮನಸಿಲ್ಲಂದ್ರ ಸೀದಾ ಹೇಳ್ರಿ.”

“ಅಪ್ಪಾ, ಹುಲಿಗಿ ಹುಟ್ಟೇದ ಅನ್ನು, ಜಲ್ದಿ ಕೊಡು,” ಎಂದಳು ಕಾಜಲ. “ಬಸ್ಸಿನ ಹೊತ್ತಾತು.”

ಆಣೆ ಹಾಕಿದಷ್ಟೂ ಅವನ ಮಾತು ಹೆಚ್ಚಿನ ಜಂಬವಾಗಿಯೇ ಕೇಳುತ್ತಿತ್ತು. ಮನುಷ್ಯರ ಮಾತು ಸಾಕೆನಿಸಿ, ಅವನು ಮರಿಗೆ ಹಗ್ಗ ಬಿಗಿದು ಬೀಗತಿಯನ್ನು ದೊಡ್ಡಿಯ ಬಳಿ ಕರೆದೊಯ್ದ. ಒಳಗೆ ಕಾಳಿ ಮಲಗಿದ್ದಳು; ಅವಳ ಹೊಟ್ಟೆಗೊರಗಿ ಕುರಿಮರಿಯೊಂದು ತೂಕಡಿಸುತ್ತಿತ್ತು. ಧೊಂಡಿಬಾ ಹಗ್ಗದಲ್ಲಿದ್ದ ನಾಯಿಮರಿಯನ್ನು ಬೇಲಿಯ ಹೊರಗೆ ನಿಲ್ಲಿಸಿದ.

ಮೆಲುಕಾಡುತ್ತಿದ್ದ ಬಾಯಿಗಳೆಲ್ಲ ಒಮ್ಮೆಲೇ ನಿಂತವು. ಕುರಿಗಳು ಮುಂಗಾಲು ನೆಲಕ್ಕಪ್ಪಳಿಸಿ, ಮರಿಗಳನ್ನು ಹಿಂದೆ ಹಾಕಿಕೊಂಡು ಆಚೆ ಮೂಲೆಗೆ ಒತ್ತೊತ್ತಿ ಸರಿದವು. ತೋಳದ ಮರಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ, ಕುಂಟುವ ಕುರಿಮರಿಯೊಂದನ್ನೇ ನೋಡತೊಡಗಿತು.

ಹುಟ್ಟಾ ಕುರಿಗಳ ನಡುವೆ ಬೆಳೆದ ಸುಂದರಬಾಯಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

“ಅಯ್ಯ ಶಿವನ! ಖರೇನ ಹೇಳಿದ್ರಲ್ರಿ ನೀವು!”

“ಮುಂಜಾನಿಯಿಂದ ಅದನ್ನೇ ಬಡ್ಕೋಲಾಕತ್ತೀನ್ರಿ!”

“ನಮ್ಮ ಬಳಗದಾಗ ಖರೇ ಹೇಳಿದ ಮೊದಲನೇ ಮನಷ್ಯಾ ನೀವೇ. ಹ್ಯಾಂಗ ನಂಬಬೇಕ್ರಿ?” ಎಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೇಳಿದಳು: “ಇದಕ್ಕ ಏನ್ ಮಾಡ್ತೀರಿ?”

“ಬಿಟ್ಟರ ಯಾರದರ ಕೂಸಿಗಿ ಕಡಿತದ. ಇನ್ನೊಬ್ಬರಿಗಿ ಕೊಟ್ಟರ ಅವರೂ ನಗ್ತಾರ, ನಂಬಲ್ಲ. ನನ್ನ ಮನ್ಯಾಗ ಹುಟ್ಟೇದ, ನನ್ನ ತಲಿ ಮ್ಯಾಲೇ ಇರ್ಲಿ.”

ಅವನು ಮರಿಯ ಸುತ್ತ ಆಳೆತ್ತರದ ಕಲ್ಲುಗೋಡೆ ಕಟ್ಟಿದ. ಮರಿ ನೆಲ ಬಗೆಯದಂತೆ ಬುಡದಲ್ಲಿ ಬಂಡೆ ಹೂತ. ಸಂತಾನ ಬೆಳೆಯದಂತೆ ಆಪರೇಷನ್ ಮಾಡಿಸಲು ಬೀದರಿಗೆ ಒಯ್ಯುವಾಗ ಟೆಂಪೋದವನಿಗೂ ನಿಜ ಹೇಳಿದ, ಅವನೂ ನಕ್ಕ. ಬೇರೆಯವರ ಕೈಯಿಂದ ಅದು ತಿನ್ನುತ್ತಿರಲಿಲ್ಲವಾಗಿ, ಯಾರ ಮದುವೆಗೆ ಹೋದರೂ ಧೊಂಡಿಬಾ ಊಟ ಮುಗಿಸಿ ಓಡಿಬರುತ್ತಿದ್ದ.

ಮರುವರ್ಷ ಕಾಳಿ ಮತ್ತೆ ಮರಿ ಹಾಕಿದಳು. ಹೋದ ಸಲ ಸೊಸೆಯನ್ನೂ ಕೂಸನ್ನೂ ಅಷ್ಟೇ ಕರೆದೊಯ್ದಿದ್ದ ಸುಂದರಬಾಯಿ ಬಾಕಿಯಿದ್ದ ಮರಿಗಾಗಿ ಬಂದಳು. ತಾಯಿಯ ಹೆಸರು ಕೇಳಿಯಾದ ಮೇಲೂ ಭಂಡಾರದ ಕೈಯನ್ನು ಹಿಂದಕ್ಕೇ ಹಿಡಿದಳು.

“ಅಪ್ಪನ ಹೆಸರ್ರಿ?”

“ಬಾಜೂ ಮನಿ ನಜಮೋದ್ದೀನನ ಮೋತ್ಯಾ. ಕಾಗಿ ಹಾರಿದರೂ ಬೊಗಳ್ತದ.”

“ಹಿಂಗ ಜಂಬ ಕೊಚ್ಚಬೇಕು ನೋಡ್ರಿ!”

ಅಷ್ಟರಲ್ಲಿ ಕಲ್ಲುಗೋಡೆಯ ಆಚೆಯಿಂದ ನೀಳವಾದ ಊಳು ಎದ್ದಿತು. ಅವಳ ಉಡಿಯಲ್ಲಿದ್ದ ಅಂಗೈಯಗಲದ ಮರಿ ಅದಕ್ಕೆ ಉತ್ತರವಾಗಿ ಬಸ್ ನಿಲ್ದಾಣದವರೆಗೂ ಬೊಗಳುತ್ತಲೇ ಹೋಯಿತು.