ಎರಡನೇ ತಿಂಗಳ ಮೂವತ್ತನೇ ತಾರೀಖು

'ತಪ್ಪು ಸೊನ್ನೆ' ಎಂದು ಪರದೆಯ ಮೇಲೆ ಬಂದ ದಿನ ಪ್ಯೊ ಉನ್‌ಜು ಇಡೀ ಆಫೀಸಿಗೆ ಕಾಫಿ ಕೊಡಿಸಿದ್ದಳು. ಕೊರಿಯಾದ ದಕ್ಷಿಣ ಕರಾವಳಿಯ ಒಂದು ಸಣ್ಣ ಆಸ್ಪತ್ರೆಯ ಐವತ್ತು ವರ್ಷದ ಕೈಬರಹದ ಚೀಟಿಗಳನ್ನು ಎಐಗೆ ಓದಿಸಿ, ಹೆಸರು, ಹುಟ್ಟಿದ ದಿನ, ಕಾಯಿಲೆ, ಒಗ್ಗದ ಔಷಧಿ ಎಂದು ಖಾನೆ ಖಾನೆಯಾಗಿ ತುಂಬಿಸುವ ಕೋಡ್ ಅವಳದು. ಎಐ ಅನ್ನುವುದು ಬಾಯಿಬಡುಕ, ಒಂದು ಕೇಳಿದರೆ ಹತ್ತು ಹೇಳುತ್ತದೆ. ಅದಕ್ಕೇ ಉನ್‌ಜು ಒಂದು ಕಾವಲು ಹಾಕಿದ್ದಳು. ಖಾನೆಗೆ ಹೊಂದದ ಉತ್ತರ ಬಂದರೆ ಕೋಡ್ ಅದನ್ನು ವಾಪಸ್ ಎಸೆದು, 'ತಪ್ಪು, ಸರಿಮಾಡಿ ಕೊಡು' ಎಂದು ಮತ್ತೆ ಕೇಳುತ್ತದೆ. ಸರಿಯಾಗುವ ತನಕ ಬಿಡುವುದಿಲ್ಲ. ದಾಖಲೆಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ ಹಳೆಯ ಕಾಗದ ದೂರದ ಗೋದಾಮು ಸೇರಿತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯ ಯೊಮ್ ಫೋನ್ ಮಾಡಿದಳು. ಐವತ್ತು ದಾಟಿದ, ತಮಾಷೆಯಿಲ್ಲದೆ ಮಾತೇ ಬಾರದ ಹೆಂಗಸು.

"ಏನಮ್ಮಾ ಸಿಯೋಲ್ ರಾಣಿ, ನಮ್ಮೂರ ಒಬ್ಬ ಅಜ್ಜೀನ ನುಂಗಿ ನೀರು ಕುಡಿದ್ಯಾ?"

"ಅಯ್ಯೋ, ಏನಾಯ್ತಕ್ಕಾ?"

"ಮೆಂಗ್ ಸುನ್‌ದೊಕ್ ಅಂತ ಇಬ್ರು. ಒಂದೇ ಹಳ್ಳಿ, ಒಂದೇ ವಂಶ, ಹುಟ್ಟಿದ್ದೂ ಒಂದೇ ವರ್ಷ. ಒಬ್ರನ್ನ ನಿನ್ನೆ ಸಂಜೆ ಸೇರಿಸ್ಕೊಂಡ್ವಿ, ಜ್ವರದಲ್ಲಿ ಜ್ಞಾನವೇ ಇಲ್ಲ. ಕಂಪ್ಯೂಟರ್‌ನಲ್ಲಿ ನೋಡಿದ್ರೆ ಇಬ್ರೂ ಸೇರಿ ಒಬ್ರಾಗಿದಾರೆ!"

"ನೋಡಿ ಹೇಳ್ತೀನಕ್ಕಾ."

ಉನ್‌ಜು ಲಾಗ್ ತೆರೆದಳು. ಇಬ್ಬರಲ್ಲಿ ಒಬ್ಬ ಅಜ್ಜಿಯ ಹುಟ್ಟಿದ ದಿನಕ್ಕೆ ಎಐ ಮೊದಲು ಕೊಟ್ಟ ಉತ್ತರ: 1943, ಎರಡನೇ ತಿಂಗಳು, ಮೂವತ್ತನೇ ದಿನ. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬರಬೇಕು, ಕಾವಲು ಅದನ್ನು ತಪ್ಪೆಂದಿತ್ತು. ಎರಡನೇ ಸಲವೂ ಅದೇ ಉತ್ತರ, ಅದೇ ತಪ್ಪು. ಮೂರನೇ ಸಲ ಎಐ ಮಾರ್ಚ್ ಒಂದು ಎಂದಿತ್ತು, ಕಾವಲು ಸರಿ ಎಂದಿತ್ತು. ಚೀಟಿಯ ಚಿತ್ರದಲ್ಲಿ ಮೂವತ್ತು ಎಂದೇ ಇತ್ತು, ಸ್ಪಷ್ಟವಾಗಿ. ಅದು ಚಾಂದ್ರಮಾನದ ತಾರೀಖು! ಹಳಬರು ಹುಟ್ಟಿದ ದಿನ ಹೇಳುವುದೇ ಹಾಗೆ. ಉನ್‌ಜುವಿನ ಸ್ವಂತ ಅಜ್ಜಿಗೂ ಹುಟ್ಟುಹಬ್ಬದ ಕಡಲಪಾಚಿ ಸಾರು ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬೀಳುತ್ತದೆ; 'ಈ ಸಲ ಯಾವತ್ತಮ್ಮಾ' ಎಂದು ತಾಯಿಯನ್ನು ಕೇಳುವವಳೂ ಇವಳೇ. ಕೋಡ್ ಬರೆಯುವಾಗ ಮಾತ್ರ ಹೊಳೆಯಲಿಲ್ಲ ನೋಡಿ. ಪಾಪ, ಯಂತ್ರ ಎರಡು ಸಲ ನಿಜವನ್ನೇ ಹೇಳಿತ್ತು. ಬಡಿದು ಬಡಿದು ಕೇಳಿದರೆ ಯಾರು ತಾನೇ ಸುಳ್ಳು ಒಪ್ಪಿಕೊಳ್ಳುವುದಿಲ್ಲ?

ಮಾರ್ಚ್ ಒಂದು ಇನ್ನೊಬ್ಬ ಸುನ್‌ದೊಕ್ ಅಜ್ಜಿಯ ಹುಟ್ಟಿದ ದಿನ. ಹೆಸರು, ಹಳ್ಳಿ, ತಾರೀಖು ಮೂರೂ ಕೂಡಿದ್ದರಿಂದ ಕೋಡ್ ಇಬ್ಬರನ್ನೂ ಒಬ್ಬರೆಂದು ತಿಳಿದು, ಈ ಇನ್ನೊಬ್ಬರ ಹೊಸ ಚೀಟಿಯ ಮಾತನ್ನಷ್ಟೇ ಉಳಿಸಿಕೊಂಡಿತ್ತು: ಒಗ್ಗದ ಔಷಧಿ ಯಾವುದೂ ಇಲ್ಲ. ಕೋಡ್ ಕೈಬಿಟ್ಟ ಮೂವತ್ತನೇ ತಾರೀಖಿನ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಪೆನಿಸಿಲಿನ್ ಕೊಡಬೇಡಿ, ಉಸಿರು ನಿಲ್ಲುತ್ತದೆ.

ಆಗ ಗಂಟೆ ಹತ್ತೂವರೆ. ಉನ್‌ಜು ತಂಡದ ಮುಖ್ಯಸ್ಥ ಕ್ವಾಕ್‌ನ ಮೇಜಿಗೆ ಓಡಿದಳು.

"ಸರ್, ಈಗಲೇ ಆಸ್ಪತ್ರೆಗೆ ಹೇಳ್ಬೇಕು."

ಕ್ವಾಕ್ ಎಲ್ಲ ಕೇಳಿ ಎದ್ದು ಬಾಗಿಲು ಹಾಕಿದ. "ಉನ್‌ಜು, ಎರಡು ಗಂಟೆಗೆ ಸಚಿವಾಲಯದೋರು ಬರ್ತಿದಾರೆ. 'ತಪ್ಪು ಸೊನ್ನೆ' ಅಂತ ತೋರಿಸೋಕೇ ಅಲ್ವಾ ಕರೆದಿರೋದು? ಈಗ ಬಾಯಿಬಿಟ್ರೆ ಮುಗೀತು ಕಥೆ."

"ಆದ್ರೆ ಆ ಅಜ್ಜಿ..."

"ಮಲಗಿರೋದು ಆ ಅಜ್ಜಿನೋ ಈ ಅಜ್ಜಿನೋ, ಅದೇ ಗೊತ್ತಿಲ್ಲ. ಡಾಕ್ಟರು ಕಣ್ಮುಚ್ಕೊಂಡು ಚುಚ್ತಾರಾ? ಸಚಿವಾಲಯದೋರು ಹೋದ ತಕ್ಷಣ ಫೋನ್ ಮಾಡಿ, ನಾನೇ ಹೇಳ್ತಿದೀನಲ್ಲ."

ಉನ್‌ಜು ಮೆಟ್ಟಿಲ ಹತ್ತಿರ ಹೋಗಿ ಯೊಮ್‌ಳ ನಂಬರ್ ತೆಗೆದಳು. ಕೆಲಸ ಹೋದರೆ ಮನೆ ಬಾಡಿಗೆ ಹೇಗೆ, ಈ ವಯಸ್ಸಿಗೆ ಇನ್ನೆಲ್ಲಿ ಸೇರುವುದು ಎಂದೆಲ್ಲ ಲೆಕ್ಕ ಹಾಕಿದಳು. ಒಂದು ನಿಮಿಷದ ಮಾತು, ಅಷ್ಟೇ! ಆದರೂ ಫೋನನ್ನು ಜೇಬಿಗಿಟ್ಟು ಒಳಗೆ ಬಂದಳು. ಎರಡು ಗಂಟೆಗೆ ಸಚಿವಾಲಯದವರ ಮುಂದೆ ನಿಂತು, ಎಂಬತ್ತು ಸಾವಿರ ದಾಖಲೆಯಲ್ಲಿ ಒಂದೂ ತಪ್ಪಿಲ್ಲ ಎಂದು ತನ್ನ ಬಾಯಿಂದಲೇ ಹೇಳಿದಳು. ಅವರು ಚಪ್ಪಾಳೆ ತಟ್ಟಿದರು.

ಲಿಫ್ಟಿನ ಬಾಗಿಲು ಅವರ ಹಿಂದೆ ಮುಚ್ಚಿದಾಗ ನಾಲ್ಕು ಗಂಟೆ. ಉನ್‌ಜು ಅಲ್ಲೇ ನಿಂತು ಫೋನ್ ಮಾಡಿದಳು.

"ಅಕ್ಕಾ, ಆ ಅಜ್ಜಿಗೆ ಪೆನಿಸಿಲಿನ್ ಕೊಡಬೇಡಿ, ಬೇಗ ಹೇಳಿ..."



"ಎರಡೂಕಾಲಿಗೆ ಕೊಟ್ರು ಕಣೆ," ಎಂದಳು ಯೊಮ್. "ಹತ್ತು ನಿಮಿಷ ಕೂಡ ಆಗ್ಲಿಲ್ಲ, ಹೋಗ್ಬಿಟ್ರು. ನಿನ್ನ ಫೋನ್‌ಗೆ ಕಾದು ಕಾದು, ದಾಖಲೇಲಿ ಏನೂ ಇಲ್ಲ ಅಂತ ಡಾಕ್ಟರು ನಂಬಿದ್ರು. ನಿಂಗೂ ಈಗ ತಾನೇ ಗೊತ್ತಾಗಿದ್ದು, ಅಲ್ವಾ?"

ಹೂಂ ಅಂದರೆ ಸಾಕಿತ್ತು. ಮುಂದೆ ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ.

"ಇಲ್ಲಕ್ಕಾ. ಹತ್ತೂವರೆಗೇ ಗೊತ್ತಿತ್ತು."

ಯೊಮ್ ಅಳಲಿಲ್ಲ, ಬೈಯಲೂ ಇಲ್ಲ. "ಅಜ್ಜಿ ಸೊಸೆ ಸುದ್ದಿ ಕೇಳಿ ಓಡಿಬಂದು ನನ್ನ ಪಕ್ಕದಲ್ಲೇ ಕೂತಿದಾಳೆ," ಎಂದಳು. "ಹೇಗಾಯ್ತು, ಹೇಗಾಯ್ತು ಅಂತ ಆಗ್ಲಿಂದ ಕೇಳ್ತಿದಾಳೆ. ಅವಳಿಗೆ ನೀನೇ ಹೇಳು."

ಫೋನ್ ಕೈ ಬದಲಾದ ಸದ್ದು ಕೇಳಿಸಿತು. ಆಮೇಲೆ ಒಂದು ಅಪರಿಚಿತ ಹೆಣ್ಣು ದನಿ, ಬಹಳ ಮರ್ಯಾದೆಯಿಂದ, "ಹಲೋ?" ಎಂದಿತು.