ಗಾಯರಾಣದ ಸಾವಕ್ಕ

"ಸಲಿಕಿ ಇಡ್ರಿ ಕಾಕಾ, ಮ್ಯಾಲ ಬರ್ರಿ. ಕುಣಿ ತೋಡಾಕ ನಮ್ಮ ಮಂದಿ ಅದಾರ," ಎಂದ ಯಲ್ಲೇಶ.

ಸೊಂಟದಾಳದ ಕುಣಿಯಲ್ಲಿದ್ದ ನಿಜಾಮಸಾಬ ತಲೆ ಎತ್ತಲಿಲ್ಲ. "ನಿಮ್ಮವ್ವಂದು ನಾನಽ ತೋಡ್ತೇನಿ. ನೀ ಮನಿ ಕಡಿ ನೋಡು."

ಯಲ್ಲೇಶ ಮನೆ ಕಡೆ ತಿರುಗಿದ. ಅವನ ತಾಯಿ ಸಾವಕ್ಕ ಅಂದು ನಸುಕಿನಲ್ಲಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತವಳು ಮತ್ತೆ ಏಳಲಿಲ್ಲ. ಇದೇ ನಿಜಾಮಸಾಬ ಒಮ್ಮೆ ಆಕೆಯನ್ನು ಬಾಯಿಗೆ ಬಂದಂತೆ ಬೈದದ್ದನ್ನು ಮೊರಬ ಊರಿನ ಮಂದಿಯೆಲ್ಲ ಕೇಳಿದ್ದರು.

*

ಆಗ ಊರ ದನ ಮೇಯುವ ಗಾಯರಾಣದ ತುಂಬ ಬಳ್ಳಾರಿ ಜಾಲಿ. ಕೆಳಗೆ ಹುಲ್ಲಿನ ಎಳೆಯೂ ಇರಲಿಲ್ಲ. ಕಂಟಿಯಲ್ಲಿ ಮನೆ ಮಾಡಿದ ಕಾಡುಹಂದಿಗಳು ಹೊಲಕ್ಕಿಳಿದು ಗೋವಿನಜೋಳ ಉರುಳಿಸುತ್ತಿದ್ದವು. ನಿಜಾಮಸಾಬ ಮಾತ್ರ ಆ ಜಾಲಿ ಕಡಿದು, ಇದ್ದಿಲು ಸುಟ್ಟು ಬದುಕುತ್ತಿದ್ದ. ಬೇರನ್ನು ಹಾಗೇ ಉಳಿಸುತ್ತಿದ್ದ; ಅದು ಮತ್ತೆ ಚಿಗುರುತ್ತಿತ್ತು.

ಸಾವಕ್ಕ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಹಾರೆ, ಗುದ್ದಲಿ ಹಿಡಿದು ಬಂದಳು.

"ಕಟಗಿ ಎಲ್ಲಾ ನೀನಽ ಒಯ್ಯೋ ತಮ್ಮಾ. ಬೇರು ಮಾತ್ರ ನಾವು ಬಿಡಂಗಿಲ್ಲ."

"ಬೇರು ಕಿತ್ರ ನಾಳೆ ನನ್ನ ಮಕ್ಳು ಏನ್ ತಿನ್ನಬೇಕು? ನಿಮಗೇನು, ಹೊಲಾ ಅದಾವು!"

"ನನಗೆಲ್ಲೈತೋ ಹೊಲಾ? ಕುರಿ ಅದಾವು. ಅವಕ್ಕ ಹುಲ್ಲು ಬೇಕು."

ಆಗಲೇ ಅವನು ಬೈದದ್ದು. ಸಾವಕ್ಕ ಸೆರಗು ಬಿಗಿದು ಅಗೆಯುತ್ತಲೇ ಇದ್ದಳು.

ಬೇರು ಮುಗಿಯಲು ಎರಡು ಬೇಸಿಗೆ ಹಿಡಿಯಿತು. ಆಮೇಲಿನ ಮಳೆಗೆ ಕರಿಕೆ ಹುಲ್ಲು ಹಬ್ಬಿತು, ಅಡಗಲು ಜಾಗವಿಲ್ಲದೆ ಹಂದಿಗಳು ದೂರವಾದವು, ನಿಜಾಮಸಾಬನ ಇದ್ದಿಲ ಭಟ್ಟಿ ಆರಿತು. ಒಂದು ಮುಂಜಾನೆ ಸಾವಕ್ಕ ಎರಡು ಹೆಣ್ಣು ಕುರಿಮರಿ ಹಿಡಿದು ಅವನ ಬಾಗಿಲಲ್ಲಿ ನಿಂತಳು.

"ಹುಲ್ಲು ನಿಂದೂ ಐತಿ. ಮೇಸು."

ಅವನು ಮುಖ ತಿರುಗಿಸಿದ. ಹೆಂಡತಿ ತಬಸುಮ್ ಬಂದು ಹಗ್ಗ ಹಿಡಿದಳು.

ಆ ಮರಿಗಳಿಂದ ಹಿಂಡಾಯಿತು. ಮೇಯಿಸುವಾಗ ಎದುರಾದರೆ ಇಬ್ಬರದೂ ಕುರಿಯದೇ ಮಾತು. ಬೈಗುಳದ ಸುದ್ದಿ ಆಕೆ ಎತ್ತಲಿಲ್ಲ. ಎತ್ತಲು ಅವನಿಗೆ ಬಾಯಿ ಬರಲಿಲ್ಲ.

*

ಮಧ್ಯಾಹ್ನ ಗಾಯರಾಣದ ಅಂಚಿನಲ್ಲಿ ಮಣ್ಣಾಯಿತು. ಸಾವಕ್ಕನ ಅಣ್ಣ ಶಿದ್ಲಿಂಗಪ್ಪ, "ನಾಯಿ ಕೆದರ್ತಾವು. ಮ್ಯಾಲ ಜಾಲಿ ಮುಳ್ಳು ಹೇರ್ರಿ," ಎಂದ.

ಕೊಡಲಿ ಹಿಡಿದು ಹೋದವರು ಬರಿಗೈಲಿ ಬಂದರು. "ಎಲ್ಲೂ ಇಲ್ರಿ. ಗಾಯರಾಣ ಪೂರಾ ತಿರಗಿದ್ವಿ, ಒಂದು ಕಂಟಿ ಸಿಗವಲ್ದು."

ಅಳುತ್ತಿದ್ದ ಹೆಂಗಸರಲ್ಲಿ, ಅಂದು ಸಾವಕ್ಕನ ಜೋಡಿ ಬೇರು ಅಗೆದಿದ್ದ ಒಬ್ಬಾಕೆ ಬಾಯಿಗೆ ಸೆರಗು ಒತ್ತಿ ನಕ್ಕುಬಿಟ್ಟಳು.

"ಟ್ರ್ಯಾಕ್ಟರ್ ತಗೊಂಡು ಬಾಜೂ ಊರಿಗೆ ಹೋಗ್ರಿ," ಎಂದ ನಿಜಾಮಸಾಬ. "ಬರೂತನಕ ನಾ ಕೂಡ್ತೇನಿ."

ಮಂದಿ ಸ್ನಾನಕ್ಕೆಂದು ಊರ ಕಡೆ ನಡೆದರು. ಅವನು ಹಸಿ ಮಣ್ಣಿನ ಬಾಜು ಕಂಬಳಿ ಹಾಸಿ ಕೂತ. ಅವನ ಕುರಿಗಳು ಕರಿಕೆ ಹರಿಯುತ್ತ, ಮೆಲ್ಲಗೆ ಸುತ್ತುಗಟ್ಟಿದವು.