ಇಳಿದ ಮೇಲೆ ಹೇಳು

ಕೋಟಿನ ತೋಳು ಎರಡು ಬೆರಳು ಗಿಡ್ಡ ಮಾಡಿಸಿಕೊಳ್ಳಲು ಬಂದಿದ್ದ ಬ್ಯಾಂಕಿನ ಹೆಂಗಸು ಕನ್ನಡಿಯ ಮುಂದೆ ಕೈ ಚಾಚಿ ನಿಂತು ಕೇಳಿದಳು: "ಅಲ್ಲ, ನಿಮ್ಮ ತಂಗಿ ಅಂಗಡಿ ಮುಚ್ಚಿದಾಗಿಂದ ನನಗೆ ಸರಿಯಾಗಿ ನಿದ್ದೇನೇ ಇಲ್ಲ. ಆ ಹೂವಿನ ಚಹಾ ಈಗ ಎಲ್ಲಿ ಸಿಗುತ್ತೆ?"

ಅಕ್ಕನ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನುಗಳಿದ್ದವು. ಅದೇ ಒಳ್ಳೆಯದಾಯಿತು, ಉತ್ತರ ಕೊಡುವ ಕಷ್ಟ ತಪ್ಪಿತು. ತಂಗಿ ಅಂಗಡಿ ಮುಚ್ಚಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಇಬ್ಬರ ಮನೆಗಳ ನಡುವೆ ಬಸ್ಸಿನಲ್ಲಿ ಮೂರು ನಿಲ್ದಾಣ. ಮಾತು ಬಿಟ್ಟು ಒಂದು ವರ್ಷ.

ತಂಗಿಯದು ಎಲೆಯಂಗಡಿ. ಪುದೀನ, ನಿಂಬೆಹುಲ್ಲು, ಸೋಂಪು, ಒಣಶುಂಠಿ, ದಾಸವಾಳದ ಎಸಳು, ಬೇರಿನ ಪುಡಿಗಳು, ಎಲ್ಲ ಗಾಜಿನ ಡಬ್ಬಿಗಳಲ್ಲಿ. ಬೋರ್ಡಿನ ಮೇಲೆ 'ಹರ್ಬಲ್ ಟೀ' ಎಂದಿದ್ದರೂ ಅಮ್ಮ ಮಾತ್ರ "ಎಲೆನೀರು" ಅನ್ನುತ್ತಿದ್ದಳು. ಬಂದವರ ಮುಖ ನೋಡಿ, ಎರಡು ಪ್ರಶ್ನೆ ಕೇಳಿ, ತಂಗಿ ಡಬ್ಬಿ ಆರಿಸುತ್ತಿದ್ದಳು. ಉಂಡದ್ದು ಅರಗದವರಿಗೆ ಸೋಂಪು, ಗಂಟಲು ಕಟ್ಟಿದವರಿಗೆ ಶುಂಠಿ, ಸುಮ್ಮನೆ ಮಾತಾಡಲು ಬಂದವರಿಗೆ ಪುದೀನ. "ಇದು ಔಷಧಿ ಅಲ್ಲ, ನೆನಪಿರಲಿ. ಮೂರು ದಿನದಲ್ಲಿ ಕಮ್ಮಿ ಆಗದಿದ್ರೆ ಡಾಕ್ಟರ ಹತ್ರ ಹೋಗಿ," ಎಂದು ಪ್ರತಿಯೊಬ್ಬರಿಗೂ ಹೇಳಿಯೇ ಪೊಟ್ಟಣ ಕಟ್ಟುತ್ತಿದ್ದಳು.

ಆರಿಸುವ ಕೈ ತಂಗಿಯದಾದರೆ ಮೂಗು ಅಕ್ಕನದು. ಚಿಕ್ಕಂದಿನಿಂದ ಹಾಗೆಯೇ. ಹಿತ್ತಲಿನಿಂದ ಏನೇನೋ ಕಿತ್ತು ತಂದು ತಂಗಿ ಬಿಸಿನೀರಿಗೆ ಹಾಕುವಳು. ಅದರ ಮೇಲೆ ತಟ್ಟೆ ಮುಚ್ಚಿ ಕಾಯುವ ಕೆಲಸ ಅಕ್ಕನದು. ಸಾರ ನೀರಿಗೆ ಇಳಿದಾಗ ತಟ್ಟೆ ತೆಗೆದು ಮೂಸಿ, ಒಂದು ಗುಟುಕು ಕುಡಿದು, ಏನು ಹೆಚ್ಚು ಏನು ಕಮ್ಮಿ ಹೇಳಬೇಕು. ಆಮೇಲೆ ತಂಗಿ ಅಂಗಡಿ ಇಟ್ಟಾಗಲೂ ಹೊಸ ಮಿಶ್ರಣವೆಲ್ಲ ಮೊದಲು ಅಕ್ಕನ ಹೊಲಿಗೆ ಯಂತ್ರದ ಪಕ್ಕಕ್ಕೇ ಬರುತ್ತಿತ್ತು. ಅಷ್ಟು ಚುರುಕು ಮೂಗೆಂದು ತಂಗಿ ಅವಳನ್ನು "ಮೂಗಿ" ಎಂದೇ ಕರೆಯುತ್ತಿದ್ದಳು. "ಅಕ್ಕನ್ನ ಹಾಗನ್ನಬಾರದೇ, ಮಾತು ಬಾರದವರಿಗೆ ಹಾಗನ್ನೋದು," ಎಂದು ಅಮ್ಮ ಗದರುವಳು. "ಇವಳಿಗೆ ಮಾತು ಬಾರದಿದ್ರೆ ಊರಿಗೇ ಒಳ್ಳೇದಿತ್ತು," ಎಂದು ತಂಗಿ ಓಡುವಳು.

ಅಮ್ಮ ಇದ್ದದ್ದು ತಂಗಿಯ ಮನೆಯಲ್ಲಿ. ಹೋದ ವರ್ಷ ಅವಳಿಗೆ ಕಾಲು ಬಾತುಕೊಂಡು ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದ ನಾಲ್ಕನೆಯ ದಿನ ಹೋಗಿಬಿಟ್ಟಳು. ಹೃದಯ ಎಷ್ಟೋ ವರ್ಷದಿಂದ ಸೋತಿತ್ತು ಎಂದರು ಡಾಕ್ಟರು. ಅದನ್ನು ಕೇಳುವ ಕಿವಿ ಆ ಹೊತ್ತಿಗೆ ಅಕ್ಕನಿಗಿರಲಿಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ, ಅಮ್ಮನ ಕನ್ನಡಕ ಕೈಯಲ್ಲಿ ಹಿಡಿದು, ತಂಗಿಯ ಮುಖಕ್ಕೇ ಹೇಳಿದಳು: "ನಿನ್ನ ಎಲೆನೀರು ಕುಡಿಸಿ ಕುಡಿಸಿ ಅಮ್ಮನ್ನ ಕಳಿಸಿಬಿಟ್ಟೆಯಲ್ಲೇ."

ಅಕ್ಕ ನೋಡುತ್ತಿದ್ದಂತೆ ತಂಗಿಯ ಮುಖ ಸುಣ್ಣದಂತೆ ಬಿಳಿಚಿತು. ಅಷ್ಟೇ.

ಒಂದು ತಿಂಗಳಿಗೆ ಕೊರಿಯರಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಬಂತು. ಮುಚ್ಚಳದ ಮೇಲೆ ಚೀಟಿ, ಅದರಲ್ಲಿ ತಂಗಿಯ ಅಕ್ಷರದಲ್ಲಿ ಮೂರೇ ಮಾತು: "ಇಳಿದ ಮೇಲೆ ಹೇಳು."

ಅಕ್ಕ ಅದನ್ನು ಓದಿದ್ದು ಹೀಗೆ: ನಿನ್ನ ಸಿಟ್ಟು ಇಳಿದ ಮೇಲೆ ಹೇಳು, ಆಮೇಲೆ ಮಾತಾಡೋಣ. ಮೈಯೆಲ್ಲ ಉರಿಯಿತು. ಅಮ್ಮನನ್ನು ಕಳೆದುಕೊಂಡವಳಿಗೆ ಇವಳು ಸಿಟ್ಟಿನ ಪಾಠ ಹೇಳುವುದೇ? ಡಬ್ಬಿಯನ್ನು ತೆರೆಯದೆ ಬೀರುವಿನ ತಲೆಯ ಮೇಲೆ ಎಸೆದಳು. ಎರಡು ತಿಂಗಳಿಗೆ ಸಿಟ್ಟು ಇಳಿದದ್ದು ನಿಜ. ಆದರೆ ಇಳಿಯಿತು ಎಂದು ಹೇಳಹೋದರೆ ಸೋತಂತಲ್ಲವೇ? ಇವತ್ತು, ನಾಳೆ, ಬಟ್ಟೆಗಳ ರಾಶಿ ಮುಗಿಯಲಿ ಎನ್ನುತ್ತಾ ವರ್ಷವೇ ಉರುಳಿತು.

ಬ್ಯಾಂಕಿನ ಹೆಂಗಸು ಹೋದ ಮೇಲೆ ಅಕ್ಕ ಕತ್ತರಿ ಕೆಳಗಿಟ್ಟು ಬಸ್ಸು ಹತ್ತಿದಳು.

ಎಲೆಯಂಗಡಿಯಿದ್ದ ಜಾಗದಲ್ಲಿ ಈಗ ಬೀಗದ ಕೈ ಮಾಡುವವನು ಕೂತಿದ್ದ. ಡಬ್ಬಿಗಳಿದ್ದ ಹಲಗೆಗಳಿಗೆ ಮೊಳೆ ಹೊಡೆದು ಕೀಗಳನ್ನು ನೇತುಹಾಕಿದ್ದ.

"ಅವರಾ? ಬಿಟ್ಟು ಮೂರು ತಿಂಗಳಾಯ್ತು ಮೇಡಂ. ಪಾಪ, ಅವರಿಗೆ ವಾಸನೆ ರುಚಿ ಎರಡೂ ಹೋಗಿತ್ತಂತೆ, ಯಾವುದೋ ಜ್ವರ ಬಂದು. ಅಮ್ಮ ಇರೋವಾಗಲೇ. ಪುದೀನ ಕೇಳಿದವರಿಗೆ ಇನ್ನೇನೋ ಕೊಟ್ಟರೆ ಯಾರು ಬರ್ತಾರೆ ಹೇಳಿ?" ಅರದಿಂದ ಕೀ ಉಜ್ಜುತ್ತಲೇ ಅವನೆಂದ, "ನಮ್ಮಕ್ಕ ಹೇಳಿಕಳಿಸ್ತಾಳೆ, ಅದು ಬಂದಮೇಲೆ ನೋಡೋಣ ಅಂತ ಬಾಡಿಗೆ ಕೊಟ್ಟು ಕಾದ್ರು. ಆ ಅಕ್ಕ ಏನು ಹೇಳಬೇಕಿತ್ತೋ, ಹೇಳಲಿಲ್ಲವಂತೆ."

ಅಕ್ಕನ ಕಣ್ಣು ಅವನ ಬೆನ್ನಿನ ಹಿಂದಿನ ಗೋಡೆಗೆ ಹೋಯಿತು. ಗಿರಾಕಿಗಳಿಗೆಂದು ತಂಗಿ ಬರೆದು ಅಂಟಿಸಿದ್ದ ಹಾಳೆಯನ್ನು ಅವನು ಕಿತ್ತಿರಲಿಲ್ಲ. 'ನೀರು ಕುದಿದ ಮೇಲೆ ಒಲೆ ಆರಿಸಿ. ಎಲೆ ಹಾಕಿ. ತಟ್ಟೆ ಮುಚ್ಚಿ, ಇಲ್ಲದಿದ್ದರೆ ಪರಿಮಳವೆಲ್ಲ ಹಾರಿಹೋಗುತ್ತದೆ. ಐದು ನಿಮಿಷ ಮುಟ್ಟಬೇಡಿ. ಇಳಿದ ಮೇಲೆ ಸೋಸಿ ಕುಡಿಯಿರಿ.'

ಇಳಿದ ಮೇಲೆ.

ಹಿತ್ತಲಿನ ಬಾಗಿಲಿಂದ ತಂಗಿ ಕೂಗುತ್ತಿದ್ದದ್ದು ಆಗ ನೆನಪಾಯಿತು. ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಆಟಕ್ಕೆ ಓಡುವಾಗ, ದಿನಾ, ಅದೇ ಮಾತು: "ಮೂಗೀ, ಇಳಿದ ಮೇಲೆ ಹೇಳು."

ಆ ಭಾನುವಾರ ಮಧ್ಯಾಹ್ನ ಅಕ್ಕ ಡಬ್ಬಿ ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ತಂಗಿ ಬಾಗಿಲು ತೆರೆದು, ನೋಡಿ, ಪಕ್ಕಕ್ಕೆ ಸರಿದಳು. "ಬಾ," ಎಂದಳು, ನಿನ್ನೆಯೂ ಬಂದವಳಿಗೆ ಅನ್ನುವಂತೆ. ಸೊರಗಿದ್ದಳು. ಅಡುಗೆಕಟ್ಟೆಯ ಮೇಲೆ ಗ್ಯಾಸಿನ ಒಲೆ ಇರಲಿಲ್ಲ.

"ತೆಗೆಸಿದೆ. ಸೋರಿದ್ರೆ ನನಗೆ ಗೊತ್ತಾಗಲ್ಲವಲ್ಲ. ಕರೆಂಟಿನ ಕೆಟಲ್ ಸಾಕು," ಎಂದಳು ತಂಗಿ. "ಆಸ್ಪತ್ರೆ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಗೆ ನನ್ನಂಥವರೇ ಬೇಕು ನೋಡು. ಮೂಗಿದ್ದವರು ಎರಡು ದಿನ ನಿಲ್ಲಲ್ಲ."

ನಗಿಸಲೆಂದೇ ಹೇಳಿದ್ದು. ಅಕ್ಕನಿಗೆ ನಗು ಬರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಇದರಲ್ಲಿ ಏನಿದೆ?"

ತಂಗಿ ಮುಚ್ಚಳವನ್ನೇ ನೋಡಿದಳು. ಅದರ ಸುತ್ತ ತಾನು ಸುತ್ತಿದ್ದ ಟೇಪು ಹಾಗೇ ಇತ್ತು. "ತೆರೆದೇ ಇಲ್ವಾ?"

"ಇಲ್ಲ."

"ನೀನು ಕುಡಿದು ನೋಡಿದ್ದೀಯ ಅಂದ್ಕೊಂಡೆ. ಕುಡಿದು, ಗೊತ್ತಾಗಿ, ಹೇಳೋಕೆ ಮನಸ್ಸು ಬರದೆ ಸುಮ್ಮನಾಗಿದ್ದೀಯ ಅಂದ್ಕೊಂಡೆ."

"ಏನು ಗೊತ್ತಾಗಿ?"

ತಂಗಿ ಕುರ್ಚಿಯ ಮೇಲೆ ಕೂತು ನಿಧಾನವಾಗಿ ಹೇಳಿದಳು. ಜ್ವರ ಬಂದು ಮೂಗು ನಾಲಿಗೆ ಸತ್ತದ್ದು ಅಮ್ಮ ಆಸ್ಪತ್ರೆ ಸೇರುವುದಕ್ಕೆ ಎರಡು ತಿಂಗಳು ಮೊದಲು. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಯಾರಿಗೂ ಹೇಳಲಿಲ್ಲ. ಒಂದು ದಿನ ಅಂಗಡಿಯ ಡಬ್ಬಿಗಳನ್ನೆಲ್ಲ ತೊಳೆದು ಮತ್ತೆ ತುಂಬಿದಳು. ಲಾವಂಚದ ಪುಡಿ, ಜ್ಯೇಷ್ಠಮಧುವಿನ ಪುಡಿ, ಎರಡೂ ಕಣ್ಣಿಗೆ ಒಂದೇ ಥರ. ಅಮ್ಮ ದಿನಾ ಬೆಲ್ಲ ಹಾಕಿಕೊಂಡು ಕುಡಿಯುತ್ತಿದ್ದದ್ದು ಲಾವಂಚ. ಜ್ಯೇಷ್ಠಮಧು ರಕ್ತದ ಒತ್ತಡ ಏರಿಸುತ್ತದೆ, ಇವರಿಗೆ ಕೂಡದು ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ನೀನು ಮೊಗಸಾಲೆಯಲ್ಲಿ ಹಾಗಂದಾಗ, ಅದಲುಬದಲಾಗಿದ್ರೆ ಅನ್ನಿಸಿತು. ಹೆದರಿ ಅಂಗಡೀಲಿದ್ದ ಎರಡೂ ಡಬ್ಬಿ ಚೆಲ್ಲಿಬಿಟ್ಟೆ. ಅಮ್ಮಂಗೆ ಮಾಡಿಕೊಡ್ತಿದ್ದದ್ದು ಇಷ್ಟೇ ಉಳಿದಿತ್ತು. ಅದನ್ನೇ ನಿನಗೆ ಕಳಿಸಿದೆ."

"ಬೇರೆ ಯಾರನ್ನಾದರೂ ಕೇಳಬಾರದಿತ್ತಾ?"

"ಅಂದದ್ದು ನೀನು. ಬೇರೆಯವರು ಹೇಳಿದ್ರೆ ನನಗೆ ಹೇಗೆ ಸಾಕಾಗುತ್ತೆ?"

ಅಕ್ಕನೇ ಎದ್ದು ಕೆಟಲಿನಲ್ಲಿ ನೀರಿಟ್ಟಳು. ಕುದಿದ ಮೇಲೆ ಆರಿಸಿದಳು. ಟೇಪು ಬಿಚ್ಚಿ, ಒಂದು ಚಮಚೆ ಪುಡಿಯನ್ನು ಪಾತ್ರೆಗೆ ಹಾಕಿ, ನೀರು ಹೊಯ್ದು ತಟ್ಟೆ ಮುಚ್ಚಿದಳು. ಇಬ್ಬರೂ ತಟ್ಟೆಯನ್ನು ನೋಡುತ್ತಾ ಕೂತರು. ಐದು ನಿಮಿಷ. ವರ್ಷದ ಹಿಂದೆಯೂ ಇದಕ್ಕೆ ಬೇಕಾಗಿದ್ದದ್ದು ಒಂದು ಲೋಟ ನೀರು, ಇಷ್ಟೇ ಹೊತ್ತು.

ತಟ್ಟೆ ತೆಗೆದಾಗ ವಾಸನೆ ಮಂಕಾಗಿತ್ತು, ಆದರೆ ಇತ್ತು. ನೆಂದ ಮಣ್ಣಿನದು, ಬೇರಿನದು. ಅಕ್ಕ ಒಂದು ಗುಟುಕು ಕುಡಿದು ನಾಲಿಗೆಯ ಮೇಲೆ ಹೊರಳಿಸಿದಳು. ಜ್ಯೇಷ್ಠಮಧುವಿನ ಸಿಹಿ ಅಡಗುವಂಥದ್ದಲ್ಲ, ನುಂಗಿದ ಮೇಲೂ ಗಂಟಲಲ್ಲಿ ನಿಲ್ಲುತ್ತದೆ. ಇನ್ನೊಂದು ಗುಟುಕು ಕುಡಿದಳು. ಕಾದಳು. ಏನೂ ನಿಲ್ಲಲಿಲ್ಲ.

"ಸಿಹಿ ಇಲ್ಲ ಕಣೇ. ಬರೀ ಲಾವಂಚ. ನೀನು ಅದಲುಬದಲು ಮಾಡಿಲ್ಲ."

ತಂಗಿ ತಲೆಯಾಡಿಸಿದಳು. "ಸರಿ."

"ಸರಿ ಅಂದ್ರೆ? ನಿಜ ಹೇಳ್ತಿದ್ದೀನಿ. ಒಂದು ಚೂರೂ ಇಲ್ಲ."

"ಹೂಂ ಅಕ್ಕ."

"ನಂಬೇ."

ತಂಗಿ ಅಕ್ಕನ ಕೈಯ ಮೇಲೆ ಕೈಯಿಟ್ಟಳು. ಸಮಾಧಾನ ಮಾಡುವವಳ ಕೈ. "ಆಗ ಹೇಳಿದ್ರೆ ನಂಬ್ತಿದ್ದೆ. ಆಗ ನಿನಗೆ ನನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಅಷ್ಟು ಸಿಟ್ಟಲ್ಲಿರೋಳು ಸಿಹಿ ಇಲ್ಲ ಅಂದ್ರೆ, ಇಲ್ಲ ಅಂತಲೇ. ಈಗ ನಿನ್ನ ಸಿಟ್ಟು ಇಳಿದಿದೆ. ನನ್ನ ಮುಖ ನೋಡಿದ್ದೀಯ, ಈ ಮನೆ ನೋಡಿದ್ದೀಯ. ಈಗ ಇದರಲ್ಲಿ ಬೆಲ್ಲದ ಪಾಕ ಇದ್ರೂ ನೀನು ಇಲ್ಲ ಅಂತೀಯ. ನಾನಾದ್ರೂ ಹಾಗೇ ಹೇಳ್ತಿದ್ದೆ."

ಅಕ್ಕ ಆಣೆ ಹಾಕಲು ಬಾಯಿ ತೆರೆದಳು. ಯಾರ ಮೇಲೆ ಹಾಕುವುದು? ಅಮ್ಮನ ಮೇಲೆಯೇ ಹಾಕಬೇಕು. ಅದೂ ಕರುಣೆಯಂತೆಯೇ ಕೇಳಿಸೀತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ಅಮ್ಮ ಇಬ್ಬರ ಜಗಳ ಬಿಡಿಸುವಾಗಲೆಲ್ಲ ಅನ್ನುತ್ತಿದ್ದಳು. ಆಗ ಇಬ್ಬರೂ ಮೂಗು ಮುಟ್ಟಿ ನೋಡಿಕೊಂಡು ನಗುತ್ತಿದ್ದರು.

"ನಿಜವಾಗ್ಲೂ ಮೂಗಿ ಆಗಿಬಿಟ್ಟೆ ನಾನು," ಎಂದಳು ಅಕ್ಕ. "ಒಂದು ವರ್ಷ."

"ಅಳಬೇಡ. ಆರಿಹೋಗುತ್ತೆ, ಕುಡಿ."

ತಂಗಿ ಇನ್ನೊಂದು ಲೋಟ ತಂದು ತನಗೂ ಬಗ್ಗಿಸಿಕೊಂಡಳು. ಅವಳಿಗೆ ಅದು ಬರೀ ಬಿಸಿನೀರು. ಆದರೂ ಹಳೆಯ ಅಭ್ಯಾಸ, ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಹಾಗೇ ಕೇಳಿದಳು: "ಹೇಗಿದೆ ಹೇಳು. ವಾಸನೆ."

ಅಕ್ಕ ಕಣ್ಣೊರೆಸಿಕೊಂಡು ಹೇಳತೊಡಗಿದಳು. ಹೂಜಿಯ ತಳದ ವಾಸನೆ. ಹಿತ್ತಲಿನ ತೊಟ್ಟಿಯ ಪಕ್ಕ ಒದ್ದೆಯಾಗಿರುತ್ತಿದ್ದ ಕಲ್ಲಿನದು. ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದಾಗ ಅವಳ ಟವೆಲಿನದು. ತಂಗಿ ಲೋಟವನ್ನು ಹಾಗೇ ಹಿಡಿದುಕೊಂಡು ಕೇಳಿದಳು. ಅವಳು ನಂಬಿದಳೆಂದು ಅಕ್ಕನಿಗೆ ಅನಿಸಲಿಲ್ಲ. ಆದರೆ ಮಾತು ನಿಂತ ಕಡೆಯಲ್ಲೆಲ್ಲ ತಂಗಿ, ಕಣ್ಣು ತೆರೆಯದೆ, "ಇನ್ನೂ?" ಅನ್ನುತ್ತಿದ್ದಳು, ಅಕ್ಕ ಮುಂದುವರಿಸುತ್ತಿದ್ದಳು.